ಒಂದು ಕ್ಯಾಮರಾ, ಹಲವು ಬೆಲೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಿರಿಯರ ಮಾತು. ಬೆಟ್ಟದ ವಿಷಯದಲ್ಲಿ ಮಾತ್ರವಲ್ಲ, ಬೆಲೆಯ ವಿಷಯದಲ್ಲಿಯೂ ಈ ಮಾತು ದಿಟವೇ. ಪರದೇಶದ ಅಂಗಡಿಯ ಬೆಲೆಚೀಟಿ ನಮಗೆ ಸಾಮಾನ್ಯವಾಗಿ ಹಗುರವಾಗಿಯೇ ಕಾಣುತ್ತದೆ. ಅದು ನಿಜವಾಗಿಯೂ ಹಗುರವೇ ಎಂಬುದನ್ನು ತಿಳಿಯಬೇಕಾದರೆ ಸಮೀಪಕ್ಕೆ ಹೋಗಿ ನೋಡಬೇಕು. ಎಂದರೆ, ಕಾಗದ ಲೇಖನಿಗಳನ್ನು ಹಿಡಿದು ಲೆಕ್ಕ ಹಾಕಬೇಕು.

2025ರ ಮೇ ತಿಂಗಳಿನ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಆತ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಪುಟ್ಟ ಸ್ಟುಡಿಯೋ ಇಟ್ಟುಕೊಂಡಿರುವ ಛಾಯಾಗ್ರಾಹಕ. ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶ ಮುಂತಾದ ಶುಭಕಾರ್ಯಗಳಿಗೆಲ್ಲ ಆತನ ಕ್ಯಾಮರಾವೇ ಸಾಕ್ಷಿ. ಹತ್ತು ವರ್ಷ ದುಡಿದ ಆ ಯಂತ್ರ ಈಗ ಕೈಕೊಡತೊಡಗಿತ್ತು. ಹಿಂದಿನ ವಾರ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಅದು ನಿಂತುಹೋಗಿ, ವಧುವಿನ ತಂದೆಯ ಮುಂದೆ ಆತ ತಲೆ ತಗ್ಗಿಸಿ ನಿಲ್ಲಬೇಕಾಯಿತಂತೆ. ಹೊಸದನ್ನು ಕೊಳ್ಳಲು ಸಹಕಾರ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿಕೊಂಡಿದ್ದ.

“ಮೇಷ್ಟ್ರೇ, ಬೆಂಗಳೂರಿನಲ್ಲಿ ಈ ಕ್ಯಾಮರಾಕ್ಕೆ 1,18,000 ರೂಪಾಯಿ ಹೇಳುತ್ತಾರೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ, ಅಲ್ಲಿ ಇದಕ್ಕೆ 1,200 ಡಾಲರ್ ಎನ್ನುತ್ತಾನೆ. ಡಾಲರಿಗೆ 85 ರೂಪಾಯಿಯಂತೆ 1,02,000 ಆಯಿತು. ಮುಂದಿನ ತಿಂಗಳು ಊರಿಗೆ ಬರುವಾಗ ತಂದುಕೊಡುತ್ತಾನಂತೆ. 16,000 ರೂಪಾಯಿ ಉಳಿಯಿತಲ್ಲ! ಇಲ್ಲಿಯ ಅಂಗಡಿಯವರು ನಮ್ಮನ್ನು ಸುಲಿಯುತ್ತಿದ್ದಾರೆ” ಎಂದ.

“ನಾನು ನಿನಗೆ ಕಲಿಸಿದ್ದು ಕನ್ನಡ. ಆದರೂ ಕೂಡುವುದು ಗುಣಿಸುವುದು ಮರೆತಿಲ್ಲಪ್ಪ. ಕುಳಿತುಕೋ, ಒಂದೊಂದಾಗಿ ನೋಡೋಣ” ಎಂದು ಕಾಗದ ತೆಗೆದೆ.

ಮೊದಲನೆಯದು ತೆರಿಗೆ. ನಮ್ಮ ದೇಶದ ಅಂಗಡಿಯವರು ಹೇಳಿದ 1,18,000 ರೂಪಾಯಿಯಲ್ಲಿ ಸರಕು ಮತ್ತು ಸೇವಾ ತೆರಿಗೆ ಅಡಗಿ ಕುಳಿತಿದೆ. ಆಗ ಕ್ಯಾಮರಾದ ಮೇಲಿನ ತೆರಿಗೆ ಶೇಕಡ 18. ಆದ್ದರಿಂದ ವಸ್ತುವಿನ ಬೆಲೆ 1,00,000 ರೂಪಾಯಿ, ತೆರಿಗೆ 18,000 ರೂಪಾಯಿ. ಅಮೆರಿಕದ ಪದ್ಧತಿಯೇ ಬೇರೆ. ಅಲ್ಲಿ ಬೆಲೆಚೀಟಿಯಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ. ಹಣ ಕೊಡುವಾಗ ಅದನ್ನು ಸೇರಿಸುತ್ತಾರೆ. ಇಡೀ ರಾಷ್ಟ್ರಕ್ಕೆ ಒಂದೇ ಮಾರಾಟ ತೆರಿಗೆ ಎಂಬುದೂ ಅಲ್ಲಿಲ್ಲ. ಆರಿಗನ್, ಡೆಲವೇರ್, ಮೊಂಟಾನ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ಬೇರೆ ಅನೇಕ ರಾಜ್ಯಗಳಲ್ಲಿ ಊರಿನಿಂದ ಊರಿಗೆ ದರ ಬದಲಾಗುತ್ತದೆ. ಅಕ್ಕನ ಮಗ ಇದ್ದ ಊರಿನಲ್ಲಿ ಅದು ಶೇಕಡ 8. ಅಲ್ಲಿಗೆ 1,200 ಡಾಲರು 1,296 ಡಾಲರಾಯಿತು.

ಎರಡನೆಯದು ವಿನಿಮಯ ದರ. ಪತ್ರಿಕೆಯಲ್ಲಿ ಅಚ್ಚಾಗುವ ದರ ಒಂದು; ಬ್ಯಾಂಕು ನಮಗೆ ಡಾಲರನ್ನು ಕೊಡುವ ದರ ಮತ್ತೊಂದು. ನಡುವಿನ ಅಂತರ ಬ್ಯಾಂಕಿನ ಸಂಭಾವನೆ. ಆತನಿಗೆ ತಗಲುತ್ತಿದ್ದ ವೆಚ್ಚವನ್ನು ಸೇರಿಸಿದರೆ ಡಾಲರಿಗೆ 86 ರೂಪಾಯಿ 50 ಪೈಸೆ ಬೀಳುತ್ತಿತ್ತು. 1,296ನ್ನು 86.50ರಿಂದ ಗುಣಿಸಿದಾಗ ಬಂದದ್ದು 1,12,104 ರೂಪಾಯಿ. ಹದಿನಾರು ಸಾವಿರದ ಉಳಿತಾಯ ಕರಗಿ 5,896 ರೂಪಾಯಿಗೆ ಇಳಿದಿತ್ತು.

ಮೂರನೆಯದು ಸೀಮಾ ಸುಂಕ. ಪರದೇಶದಿಂದ ಬರುವ ಪ್ರಯಾಣಿಕನು ಒಂದು ಮಿತಿಯವರೆಗಿನ ವಸ್ತುಗಳನ್ನು ಸುಂಕವಿಲ್ಲದೆ ತರಬಹುದು. ಆಗ ಜಾರಿಯಲ್ಲಿದ್ದ 2016ರ ನಿಯಮಗಳಂತೆ ಅಮೆರಿಕದಿಂದ ಬರುವ ಭಾರತೀಯನಿಗೆ ಈ ಮಿತಿ 50,000 ರೂಪಾಯಿ. ಅದನ್ನು ಮೀರಿದ ಮೌಲ್ಯದ ಮೇಲೆ ಶೇಕಡ 38.5ರಷ್ಟು ಸುಂಕ. ಕ್ಯಾಮರಾದ ಮೌಲ್ಯ 1,02,000 ಎಂದು ಹಿಡಿದರೆ ಮಿತಿಯನ್ನು ಮೀರಿದ್ದು 52,000. ಅದರ ಸುಂಕ 20,020 ರೂಪಾಯಿ. ಒಟ್ಟು ವೆಚ್ಚ 1,32,124 ರೂಪಾಯಿ! ಬೆಂಗಳೂರಿನ ಬೆಲೆಗಿಂತ 14,124 ರೂಪಾಯಿ ಹೆಚ್ಚು.

ಆತ ಕಾಗದವನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಅನಂತರ ಮೆಲ್ಲಗೆ, “ಪೆಟ್ಟಿಗೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಬಂದರೆ ಯಾರೂ ಕೇಳುವುದಿಲ್ಲವಂತೆ ಮೇಷ್ಟ್ರೇ” ಎಂದ.

ಆ ಮಾತಿಗೆ ನಾನು ಒಡನೆಯೇ ಉತ್ತರ ಕೊಡಲಿಲ್ಲ. ಅದಕ್ಕೆ ಮೊದಲು ಆತನಿಗೆ ಇನ್ನೊಂದು ವಿಷಯವನ್ನು ತೋರಿಸಬೇಕಾಗಿತ್ತು.

ತೆರಿಗೆಗಳನ್ನೆಲ್ಲ ಬದಿಗಿಟ್ಟು ನೋಡಿದರೆ ಬೆಂಗಳೂರಿನ ಬೆಲೆ 1,00,000 ರೂಪಾಯಿ, ಅಮೆರಿಕದ ಬೆಲೆ 1,02,000 ರೂಪಾಯಿ. ಎಂದ ಮೇಲೆ ಅಂಗಡಿಯವನು ಸುಲಿಯುತ್ತಿದ್ದಾನೆ ಎಂಬ ಆರೋಪಕ್ಕೆ ಆಧಾರವೆಲ್ಲಿ? ಒಂದು ಚೀಟಿಯಲ್ಲಿ ತೆರಿಗೆ ಒಳಗಿತ್ತು, ಇನ್ನೊಂದರಲ್ಲಿ ಹೊರಗಿತ್ತು, ಅಷ್ಟೇ. ಸಮನಾದುದನ್ನು ಸಮನಾದುದರೊಡನೆ ಹೋಲಿಸದಿದ್ದರೆ ನಿರಪರಾಧಿಯನ್ನು ಅಪರಾಧಿಯನ್ನಾಗಿ ಮಾಡುತ್ತೇವೆ. ಇದು ಬೆಲೆಗೆ ಮಾತ್ರ ಅನ್ವಯಿಸುವ ಮಾತಲ್ಲ.

ಒಂದೇ ವಸ್ತು, ಸಾಗಣೆಯ ವೆಚ್ಚ ಮತ್ತು ತೆರಿಗೆಗಳನ್ನು ಕಳೆದರೆ, ಎಲ್ಲ ಊರುಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಬೆಲೆಗೆ ಸಿಗಬೇಕೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ತೆರಿಗೆಗಳು ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದಲ್ಲಿ ಕಾಲದಿಂದ ಕಾಲಕ್ಕೆ ಬೇರೆ. ಕ್ಯಾಮರಾಗಳ ತವರಾದ ಜಪಾನಿನಲ್ಲಿ 1989ರಲ್ಲಿ ಶೇಕಡ 3ರಿಂದ ಆರಂಭವಾದ ಬಳಕೆ ತೆರಿಗೆ 2019ರ ಅಕ್ಟೋಬರಿನಲ್ಲಿ ಶೇಕಡ 10ನ್ನು ಮುಟ್ಟಿತು. ಜರ್ಮನಿಯಲ್ಲಿ ಮೌಲ್ಯವರ್ಧಿತ ತೆರಿಗೆ ಶೇಕಡ 19. ಹಂಗೇರಿಯಲ್ಲಿ ಶೇಕಡ 27. ಹಾಂಗ್‌ಕಾಂಗಿನಲ್ಲಿ ಇಂತಹ ತೆರಿಗೆಯೇ ಇಲ್ಲ. ನಮ್ಮ ದೇಶದಲ್ಲಿ ಡಿಜಿಟಲ್ ಕ್ಯಾಮರಾದ ಮೇಲೆ ಶೇಕಡ 28 ಇದ್ದ ತೆರಿಗೆ 2019ರ ಜನವರಿ 1ರಿಂದ ಶೇಕಡ 18ಕ್ಕೆ ಇಳಿಯಿತು. ಲಕ್ಷ ರೂಪಾಯಿ ಬೆಲೆಯ ಕ್ಯಾಮರಾದಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಹತ್ತು ಸಾವಿರದ ವ್ಯತ್ಯಾಸ!

ಸುಂಕದ ನಿಯಮ ಕೆಲವೊಮ್ಮೆ ಯಂತ್ರದ ಗುಣವನ್ನೇ ಬದಲಿಸಿಬಿಡುತ್ತದೆ. ಯುರೋಪಿನ ಒಕ್ಕೂಟದಲ್ಲಿ, ಒಂದೇ ಬಾರಿಗೆ 30 ನಿಮಿಷ ಚಲಿಸುವ ಚಿತ್ರವನ್ನು ಮುದ್ರಿಸಬಲ್ಲ ಕ್ಯಾಮರಾವನ್ನು ವಿಡಿಯೋ ಕ್ಯಾಮರಾ ಎಂದು ಎಣಿಸಿ ಹೆಚ್ಚಿನ ಸುಂಕ ವಿಧಿಸುತ್ತಿದ್ದ ಕಾಲವೊಂದಿತ್ತು. ಆದುದರಿಂದ ತಯಾರಕರು ಅನೇಕ ಕ್ಯಾಮರಾಗಳನ್ನು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುವಂತೆ ಮಾಡಿದರು. ಒಂದು ಸೆಕೆಂಡಿನ ಕೊರತೆಯಿಂದ ಸುಂಕದ ಹೊರೆ ತಪ್ಪುತ್ತಿತ್ತು.

ವಿನಿಮಯ ದರದ ಕಥೆ ಇನ್ನೂ ವಿಚಿತ್ರವಾದುದು. 1949ರಿಂದ 1971ರವರೆಗೆ ಒಂದು ಡಾಲರಿಗೆ 360 ಯೆನ್ ಎಂದು ನಿಗದಿಯಾಗಿತ್ತು. ಜಪಾನಿನಲ್ಲಿ 72,000 ಯೆನ್ ಬೆಲೆಯ ಕ್ಯಾಮರಾ ಒಂದಿದೆಯೆಂದು ಭಾವಿಸೋಣ. ಆ ದರದಲ್ಲಿ ಅದು 200 ಡಾಲರಿಗೆ ಸಮ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ರಾಷ್ಟ್ರಗಳು ಡಾಲರಿನ ಮೌಲ್ಯವನ್ನು ತಗ್ಗಿಸಲು ಒಪ್ಪಂದ ಮಾಡಿಕೊಂಡವು. ಅದಕ್ಕೆ ಮುನ್ನ ಡಾಲರಿಗೆ ಸುಮಾರು 240 ಯೆನ್ ಇದ್ದುದು 1987ರ ಆರಂಭದ ವೇಳೆಗೆ ಸುಮಾರು 150 ಆಯಿತು. ಅದೇ ಕ್ಯಾಮರಾ ಮೊದಲು 300 ಡಾಲರಿಗೂ ಅನಂತರ 480 ಡಾಲರಿಗೂ ಸಮವಾಯಿತು. ಕ್ಯಾಮರಾದ ಒಂದು ತಿರುಪೂ ಬದಲಾಗಿರಲಿಲ್ಲ. ಬದಲಾದುದು ಅಳೆಯುವ ಕೋಲು.

ನಮ್ಮ ರೂಪಾಯಿಯೂ ಇಂತಹ ಏರಿಳಿತಗಳನ್ನು ಕಂಡಿದೆ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾದಾಗ ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿತು. ಹಿಂದಿನ ದಿನ 476 ರೂಪಾಯಿಗೆ ಸಮವಾಗಿದ್ದ ನೂರು ಡಾಲರಿನ ವಸ್ತು ಮರುದಿನ 750 ರೂಪಾಯಿಗೆ ಸಮವಾಯಿತು. 1991ರ ಜುಲೈನಲ್ಲಿ ಮತ್ತೊಮ್ಮೆ ಅಪಮೌಲ್ಯ ನಡೆಯಿತು. ಹೀಗಾಗಿ ಪರದೇಶದ ಬೆಲೆಯನ್ನು ಹೇಳುವಾಗ ಯಾವ ದಿನದ ಬೆಲೆ, ಯಾವ ದಿನದ ದರ ಎಂಬುದನ್ನೂ ಹೇಳದಿದ್ದರೆ ಮಾತು ಪೂರ್ಣವಾಗದು.

ಬೆಲೆಚೀಟಿಯಲ್ಲಿ ಕಾಣದ ಇನ್ನೊಂದು ಅಂಶವೂ ಇದೆ: ಅದು ವಾರಂಟಿ. ಒಂದು ದೇಶದಲ್ಲಿ ಮಾರಿದ ಕ್ಯಾಮರಾ ಇನ್ನೊಂದು ದೇಶದಲ್ಲಿ ಕೆಟ್ಟರೆ ಅಲ್ಲಿಯ ದುರಸ್ತಿ ಕೇಂದ್ರದವರು ಅದನ್ನು ಉಚಿತವಾಗಿ ಸರಿಪಡಿಸಲು ಅನೇಕ ವೇಳೆ ಒಪ್ಪುವುದಿಲ್ಲ. ಹವ್ಯಾಸಿಗೆ ಇದು ಸಣ್ಣ ತೊಂದರೆ. ವೃತ್ತಿಯವನಿಗೆ ಹಾಗಲ್ಲ. ಕ್ಯಾಮರಾವನ್ನು ಸಮುದ್ರದಾಚೆಗೆ ಕಳುಹಿಸಿ ತಿಂಗಳುಗಟ್ಟಲೆ ಕಾದರೆ ಲಗ್ನದ ಮುಹೂರ್ತಗಳು ಆತನಿಗಾಗಿ ಕಾಯುತ್ತವೆಯೇ?

ಇಷ್ಟನ್ನೂ ಹೇಳಿದ ಮೇಲೆ ನಾನು ಆತನ ಹಳೆಯ ಮಾತಿಗೆ ಹಿಂತಿರುಗಿದೆ. “ಹೆಗಲಿಗೆ ಹಾಕಿಕೊಂಡು ಬಂದರೆ ಯಾರೂ ಕೇಳದಿರಬಹುದು. ಆಗ ನಿನಗೆ 5,896 ರೂಪಾಯಿ ಉಳಿಯುತ್ತದೆ, ನಿಜ. ಆದರೆ ಕೇಳಿದರೆ? ಸುಂಕದ ಅಧಿಕಾರಿಯ ಮುಂದೆ ಸುಳ್ಳು ಹೇಳುವವನು ನೀನಲ್ಲ, ನಿನ್ನ ಅಕ್ಕನ ಮಗ. ವಸ್ತುವನ್ನು ಮುಟ್ಟುಗೋಲು ಹಾಕಿಕೊಂಡಾರು, ದಂಡ ವಿಧಿಸಿಯಾರು. ನಿನ್ನ ಉಳಿತಾಯಕ್ಕಾಗಿ ಆ ಹುಡುಗ ತಲೆ ತಗ್ಗಿಸಿ ನಿಲ್ಲಬೇಕೇ? ಹಾಗೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಹೋದ ವಾರ ತಾನೇ ನೀನು ಕಂಡಿದ್ದೀಯೆ.”

ಆತ ಉತ್ತರ ಹೇಳಲಿಲ್ಲ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ನಮಸ್ಕರಿಸಿ ಹೊರಟ. ಎರಡು ವಾರಗಳ ಬಳಿಕ ಹೊಸ ಕ್ಯಾಮರಾವನ್ನು ಹಿಡಿದು ಮತ್ತೆ ಬಂದ. ಬೆಂಗಳೂರಿನಲ್ಲಿಯೇ ಕೊಂಡಿದ್ದ, ರಸೀದಿಯನ್ನೂ ತೋರಿಸಿದ. ನನ್ನನ್ನೂ ನನ್ನ ಹೆಂಡತಿಯನ್ನೂ ಜಗಲಿಯ ಮೇಲೆ ಕೂರಿಸಿ ಒಂದು ಚಿತ್ರ ತೆಗೆದ.

“ಅಕ್ಕನ ಮಗನಿಗೆ ಆ ಲೆಕ್ಕವನ್ನು ಕಳುಹಿಸಿದೆ ಮೇಷ್ಟ್ರೇ. ಅಲ್ಲಿಯ ತೆರಿಗೆ ಸೇರಿಸುವುದನ್ನು ತಾನೇ ಮರೆತಿದ್ದೆನೆಂದು ನಕ್ಕುಬಿಟ್ಟ” ಎಂದ.

ವಸ್ತುವಿನ ಬೆಲೆ, ಅಲ್ಲಿಯ ತೆರಿಗೆ, ಅಂದಿನ ವಿನಿಮಯ ದರ, ಇಲ್ಲಿಯ ಸುಂಕ, ಕೆಟ್ಟಾಗಿನ ದುರಸ್ತಿ ಈ ಐದನ್ನೂ ಕೂಡಿಸಿದಾಗ ಬರುವುದೇ ನಿಜವಾದ ಬೆಲೆ. ಹಾಗೆ ಲೆಕ್ಕ ಹಾಕಿದಾಗ ಕೆಲವೊಮ್ಮೆ ಪರದೇಶದ ವಸ್ತುವೇ ಅಗ್ಗವಾಗಿರಲೂಬಹುದು. ಆಗ ಸುಂಕ ತೆತ್ತು ನೇರವಾಗಿ ತರುವುದರಲ್ಲಿ ತಪ್ಪೇನಿಲ್ಲ. ಬೆಟ್ಟ ನುಣ್ಣಗಿದೆಯೋ ಕಲ್ಲುಮುಳ್ಳುಗಳಿಂದ ತುಂಬಿದೆಯೋ ಎಂಬುದನ್ನು ಏರುವ ಮೊದಲೇ ತಿಳಿದಿರಬೇಕು, ಅಷ್ಟೇ.

ಅಭ್ಯಾಸ

1. ಛಾಯಾಗ್ರಾಹಕನು ಅಂಗಡಿಯವರ ಮೇಲೆ ಹೊರಿಸಿದ ಆರೋಪ ಯಾವುದು? ಅದು ನಿರಾಧಾರವೆಂದು ಲೇಖಕರು ಹೇಗೆ ತೋರಿಸುತ್ತಾರೆ?
2. “ಬದಲಾದುದು ಅಳೆಯುವ ಕೋಲು” — ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
3. ಪರದೇಶದಲ್ಲಿ 500 ಡಾಲರ್ ಬೆಲೆಯ ವಸ್ತುವಿಗೆ ಅಲ್ಲಿ ಶೇಕಡ 10 ತೆರಿಗೆ ಇದೆ. ಡಾಲರಿಗೆ 80 ರೂಪಾಯಿ ಎಂದು ಭಾವಿಸಿ ಅದರ ಒಟ್ಟು ಬೆಲೆಯನ್ನು ರೂಪಾಯಿಗಳಲ್ಲಿ ಲೆಕ್ಕ ಹಾಕಿರಿ.
4. ಛಾಯಾಗ್ರಾಹಕನ ಸ್ಥಾನದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.