ದಿನಾಂಕ ಬಿದ್ದ ಕಾಗದ: ಕೂಲಿ, ಕುಡಿಯುವ ನೀರು ಮತ್ತು ಗೋಡೆಬರಹದ ಕುರಿತು ಸದಸ್ಯರ ಪ್ರಶ್ನೆಗಳು

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ ಹೋಬಳಿಯಲ್ಲಾಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲ್ಲೂಕುಗಳ ಯಾವುದೇ ಗ್ರಾಮದಲ್ಲಾಗಲಿ, ಗ್ರಾಮ ಪಂಚಾಯಿತಿ ಸದಸ್ಯರ ಮನೆಬಾಗಿಲಿಗೆ ಬೆಳಗಿನ ಹೊತ್ತು ಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾದವು. ಕೆಲಸ ಯಾವಾಗ ಸಿಗುತ್ತದೆ? ಮಾಡಿದ ಕೆಲಸದ ಕೂಲಿ ಏಕೆ ಕಡಿಮೆ ಬಂದಿದೆ? ನಲ್ಲಿಯ ನೀರು ಕುಡಿಯಬಹುದೆ? ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ನೋಡುವುದು ಎಲ್ಲಿ? ಇವುಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಆದರೆ ಆ ಉತ್ತರವು ಜಾರಿಗೆ ಬರುವುದು ಒಂದು ದಿನಾಂಕದಿಂದ. ದಿನಾಂಕವನ್ನು ಯಾರೂ ಬರೆದಿಡದ ಕಡೆ ಹಕ್ಕು ಇದ್ದೂ ಇಲ್ಲದಂತಾಗುತ್ತದೆ. ಈ ಪಾಠವು ಅದೊಂದೇ ಅಂಶವನ್ನು ಕೆಲಸ, ಆರೋಗ್ಯ ಮತ್ತು ಪ್ರಕಟಣೆ ಎಂಬ ಮೂರು ಕಡೆಗಳಲ್ಲಿ ಪರಿಶೀಲಿಸುತ್ತದೆ.

ಬಾಯಿಮಾತಿನಲ್ಲಿ ಕೆಲಸ ಕೇಳಿದರೆ ಸಾಲದೆ?

ಸಾಲದು. ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮ, 2005ರ ಪ್ರಕಾರ ಕೆಲಸಕ್ಕೆ ಅರ್ಜಿ ಸಲ್ಲಿಸಿದ 15 ದಿನಗಳೊಳಗೆ, ಅಥವಾ ಮುಂಗಡವಾಗಿ ಅರ್ಜಿ ಕೊಟ್ಟಿದ್ದಲ್ಲಿ ಕೆಲಸ ಬೇಕೆಂದು ಕೋರಿದ ದಿನದಿಂದ, ಉದ್ಯೋಗ ಒದಗಿಸತಕ್ಕದ್ದು. ಒದಗಿಸದಿದ್ದರೆ ನಿರುದ್ಯೋಗ ಭತ್ಯೆ ನೀಡತಕ್ಕದ್ದು. ಅದು ಮೊದಲ 30 ದಿನಗಳಿಗೆ ಕೂಲಿ ದರದ ಕಾಲುಭಾಗಕ್ಕೆ ಹಾಗೂ ಆರ್ಥಿಕ ವರ್ಷದ ಉಳಿದ ಅವಧಿಗೆ ಅರ್ಧಭಾಗಕ್ಕೆ ಕಡಿಮೆಯಿರಕೂಡದು. ರಾಜ್ಯದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಿನಗೂಲಿ 370 ರೂಪಾಯಿ ಆಗಿತ್ತು. ಅದರ ಕಾಲುಭಾಗ 92 ರೂಪಾಯಿ 50 ಪೈಸೆ. ಆ ದರದಂತೆ, ಹದಿನೈದು ದಿನ ಕಳೆದ ಮೇಲೆ ಇನ್ನೂ 12 ದಿನ ಕೆಲಸ ಸಿಗದ ವ್ಯಕ್ತಿಗೆ 1,110 ರೂಪಾಯಿ ಸಲ್ಲಬೇಕು.

ಈ ಲೆಕ್ಕ ಆರಂಭವಾಗುವುದು ಅರ್ಜಿಯ ಸ್ವೀಕೃತಿಯಿಂದ. ನಮೂನೆ-6ರಲ್ಲಿ ಅರ್ಜಿ ಪಡೆದ ಕೂಡಲೇ ದಿನಾಂಕ ನಮೂದಿಸಿದ ಸ್ವೀಕೃತಿ ಚೀಟಿ ಕೊಡುವುದು ಪಂಚಾಯಿತಿಯ ಕರ್ತವ್ಯವೇ ಹೊರತು ಉಪಕಾರವಲ್ಲ. ರೂಢಿ ಬೇರೆಯಿದೆ. ಅರ್ಜಿಯನ್ನು ಪಡೆದು, “ಕಾಮಗಾರಿ ಶುರುವಾದಾಗ ಹೇಳಿ ಕಳುಹಿಸುತ್ತೇವೆ” ಎಂದು ಹೇಳುವುದು. ಕಾಮಗಾರಿ ಸಿದ್ಧವಾದ ದಿನ ಅರ್ಜಿಗೂ ಅದೇ ದಿನಾಂಕ ಹಾಕುವುದು. ಆಗ ಕಡತದಲ್ಲಿ ಬೇಡಿಕೆ ಬಂದ ದಿನವೇ ಕೆಲಸ ಕೊಟ್ಟಂತೆ ಕಾಣುತ್ತದೆ. ನಡುವಿನ ವಾರಗಳಲ್ಲಿ ಆ ಕುಟುಂಬವು ಮನೆಗೆ ಬೀಗ ಹಾಕಿ ಕಬ್ಬು ಕಡಿಯಲೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗಿರುತ್ತದೆ. ಮಕ್ಕಳು ಶಾಲೆ ಬಿಟ್ಟಿರುತ್ತಾರೆ. ಕಡತಕ್ಕೆ ಇದಾವುದೂ ತಿಳಿಯದು. ತಾಂಡಾಗಳಿರುವ ವಾರ್ಡುಗಳ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದುದರಿಂದ ಸದಸ್ಯರು ಮಾಡಬಹುದಾದ ಮೊದಲ ಕೆಲಸ ತೀರಾ ಸಣ್ಣದು. ಹತ್ತು ಮಂದಿ ಒಟ್ಟಾಗಿ ಬರೆದ ಅರ್ಜಿಯೊಂದಿಗೆ ತಾವೂ ಕಚೇರಿಗೆ ಹೋಗಿ, ಸ್ವೀಕೃತಿ ಕೈಗೆ ಬರುವವರೆಗೆ ಅಲ್ಲಿಯೇ ಕುಳಿತಿರುವುದು. ಅಕ್ಷರ ಬಾರದವರ ಪರವಾಗಿ ಗ್ರಾಮ ಕಾಯಕ ಮಿತ್ರರು ಅಥವಾ ಕಾಯಕ ಬಂಧುಗಳು ಅರ್ಜಿ ಬರೆದುಕೊಡಬಹುದು. ಅರ್ಜಿದಾರರ ಸಹಿ ಅಥವಾ ಹೆಬ್ಬೆಟ್ಟು ಮಾತ್ರ ಅವರದೇ ಆಗಿರಬೇಕು.

370 ಎಂದು ಹೇಳಿ 296 ಕೊಟ್ಟರೇಕೆ?

ಸದಸ್ಯರನ್ನು ಹೆಚ್ಚು ಮುಜುಗರಕ್ಕೆ ಈಡುಮಾಡುವ ಪ್ರಶ್ನೆ ಇದು. ಹಣ ಯಾರೋ ತಿಂದಿದ್ದಾರೆಂಬ ಅನುಮಾನ ಒಂದೆಡೆ, ಕೂಲಿಕಾರರು ಮೈಗಳ್ಳರೆಂಬ ಉತ್ತರ ಇನ್ನೊಂದೆಡೆ. ಅನೇಕ ಸಲ ಎರಡೂ ನಿಜವಲ್ಲ, ಅಳತೆಯಲ್ಲಿ ವ್ಯತ್ಯಾಸವಾಗಿರುತ್ತದೆ. ಪೂರ್ಣ ಕೂಲಿಯು ನಿಗದಿತ ಪ್ರಮಾಣದ ಕೆಲಸಕ್ಕೆ ಸಲ್ಲುವುದು. ಅಗೆತದ ಪ್ರಮಾಣವೆಂದರೆ ಉದ್ದ, ಅಗಲ, ಆಳಗಳ ಗುಣಲಬ್ಧ. ಒಂದು ತಂಡವು 10 ಮೀಟರ್ ಉದ್ದ, 3 ಮೀಟರ್ ಅಗಲ, ಅರ್ಧ ಮೀಟರ್ ಆಳ ಅಗೆದರೆ 15 ಘನ ಮೀಟರ್ ಆಗುತ್ತದೆ. ಅದೇ ಗುಂಡಿಯ ಆಳವನ್ನು 40 ಸೆಂಟಿಮೀಟರ್ ಎಂದು ಬರೆದುಕೊಂಡರೆ 12 ಘನ ಮೀಟರ್ ಮಾತ್ರ. ತಪ್ಪಿದ್ದು ಒಂದು ಅಂಗೈ ಅಗಲ. ಹೋದದ್ದು ಕೂಲಿಯ ಐದನೇ ಒಂದು ಭಾಗ. 15 ಘನ ಮೀಟರ್ ಆ ತಂಡದ ನಿಗದಿತ ಪ್ರಮಾಣವಾಗಿದ್ದರೆ 370 ರೂಪಾಯಿ 296ಕ್ಕೆ ಇಳಿಯುತ್ತದೆ.

ಮಳೆ ಬಿದ್ದು ಹೂಳು ತುಂಬಿದ ಮೇಲೆ, ಅಥವಾ ಪಕ್ಕದ ತಂಡ ಅದೇ ಜಾಗ ಅಗೆದ ಮೇಲೆ ಅಳತೆ ತೆಗೆದರೆ ಇಂತಹ ತಪ್ಪು ಸಹಜ. ಕೆರೆಯ ಹೂಳೆತ್ತುವಾಗ ಅಲ್ಲಲ್ಲಿ ಅಗೆಯದ ಮಣ್ಣಿನ ಗುಡ್ಡೆಗಳನ್ನು ಉಳಿಸುವ ಹಳೆಯ ಪದ್ಧತಿ ಇದಕ್ಕಾಗಿಯೇ ಇದೆ. ಆ ಗುಡ್ಡೆಯ ಎತ್ತರವೇ ಆಳಕ್ಕೆ ಸಾಕ್ಷಿ. ಅಳತೆ ಮುಗಿಯುವ ಮುನ್ನ ಅವುಗಳನ್ನು ಕೆಡವಲು ಬಿಡಬಾರದು. ಅಳತೆಯು ವಾರ ವಾರ, ಕೂಲಿಕಾರರ ಎದುರಿನಲ್ಲಿ ನಡೆದು, ಬಂದ ಅಂಕಿಗಳನ್ನು ಸ್ಥಳದಲ್ಲೇ ಗಟ್ಟಿಯಾಗಿ ಓದಿ ಹೇಳುವಂತಾದರೆ ಮುಂದಿನ ಜಗಳದ ಬಹುಪಾಲು ಅಲ್ಲಿಯೇ ತೀರುತ್ತದೆ. ಬೇಸಿಗೆಯಲ್ಲಿ ಕೆಲಸದ ಪ್ರಮಾಣಕ್ಕೆ ರಿಯಾಯಿತಿಯ ಆದೇಶ ಬಂದಿದ್ದಲ್ಲಿ ಅದನ್ನೂ ಅಲ್ಲಿಯೇ ತಿಳಿಸಬೇಕು.

ಕೂಲಿ ತಡವಾದ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಹಾಜರಾತಿ ಪಟ್ಟಿ ಮುಕ್ತಾಯವಾದ 15 ದಿನಗಳೊಳಗೆ ಪಾವತಿಯಾಗಬೇಕು. 16ನೇ ದಿನದ ನಂತರ ದಿನವೊಂದಕ್ಕೆ ಬಾಕಿ ಕೂಲಿಯ ಶೇ. 0.05ರಷ್ಟು ಪರಿಹಾರ ಸಲ್ಲುತ್ತದೆ. ಆರು ದಿನದ 2,220 ರೂಪಾಯಿಗೆ ಅದು ದಿನಕ್ಕೆ 1 ರೂಪಾಯಿ 11 ಪೈಸೆ. ಚಹಾದ ಬೆಲೆಯೂ ಅಲ್ಲ, ನಿಜ. ಆದರೆ ಪರಿಹಾರ ಕೇಳಿದೊಡನೆ ಕಾಗದ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದು ಲಿಖಿತವಾಗಿ ಹೊರಬೀಳುತ್ತದೆ. ಅದರ ಬೆಲೆ ದೊಡ್ಡದು.

ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಲೇಬೇಕು. ತಾಯಂದಿರೊಂದಿಗೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ, ಆಕೆಗೂ ಕೂಲಿ ಕೊಡಬೇಕು. ಕೆಲಸ ಮಾಡುವಾಗ ಗಾಯಗೊಂಡವರಿಗೆ ಉಚಿತ ಚಿಕಿತ್ಸೆ. ಆಸ್ಪತ್ರೆಗೆ ದಾಖಲಾದಲ್ಲಿ ದಿನಕ್ಕೆ ಕೂಲಿ ದರದ ಅರ್ಧಕ್ಕೆ ಕಡಿಮೆಯಿಲ್ಲದ ಭತ್ಯೆ. ಇದಕ್ಕೂ ಗಾಯವಾದ ದಿನವೇ ಕಾಯಕ ಬಂಧುವಿನ ಪುಸ್ತಕದಲ್ಲಿ ಒಂದು ಸಾಲು ಬರೆದಿರಬೇಕು.

ನೀರು ಕುದಿಸಿ ಕುಡಿದರೆ ಸಾಕೆ?

ಕ್ರಿಮಿಗಳಿಗೆ ಸಾಕು, ಫ್ಲೋರೈಡಿಗೆ ಸಾಲದು. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಸಾಂದ್ರತೆ ಹೆಚ್ಚುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 1.5ರವರೆಗೆ. ನೈಟ್ರೇಟಿಗೆ ಮಿತಿ 45 ಮಿಲಿಗ್ರಾಂ. ಕೊಳವೆಬಾವಿ ಆಳವಾದಷ್ಟೂ ನೀರು ಒಳ್ಳೆಯದೆಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ಗಟ್ಟಿ ಶಿಲೆಯ ಪ್ರದೇಶದಲ್ಲಿ ಅದಕ್ಕೆ ಆಧಾರವಿಲ್ಲ. ಕಣ್ಣಿಗೆ ತಿಳಿಯಾಗಿ, ನಾಲಿಗೆಗೆ ಸಿಹಿಯಾಗಿರುವ ನೀರೇ ಮಕ್ಕಳ ಹಲ್ಲಿಗೆ ಕಂದು ಕಲೆ ತರಬಲ್ಲದು. ಪರೀಕ್ಷೆಯೊಂದೇ ದಾರಿ. ಜಲ ಜೀವನ್ ಮಿಷನ್ ಅಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯ ತರಬೇತಿ ನೀಡುವ ವ್ಯವಸ್ಥೆಯಿದೆ. ಕಿಟ್ ಪಂಚಾಯಿತಿಯ ಕಪಾಟಿನಲ್ಲಿ ಮೊಹರು ಒಡೆಯದೆ ಉಳಿದಿದೆಯೇ ಎಂಬುದನ್ನು ಸದಸ್ಯರು ಇಂದೇ ನೋಡಬಹುದು.

ಕ್ರಿಮಿಗಳ ವಿಷಯವನ್ನು ಹಡಗಲಿ ತಾಲ್ಲೂಕು ಲಘುವಾಗಿ ಕಾಣುವಂತಿಲ್ಲ. 2021ರಲ್ಲಿ ಇದೇ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರು ಸೇವಿಸಿ ಆರು ಮಂದಿ ಮೃತಪಟ್ಟ ವರದಿ ಅಕ್ಟೋಬರ್ ಮೊದಲ ವಾರದಲ್ಲಿ ನಾಡಿನಾದ್ಯಂತ ಪ್ರಕಟವಾಯಿತು. ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಸರ್ಕಾರವು ಹಿರಿಯ ಐಎಎಸ್ ಅಧಿಕಾರಿಯೊಬ್ಬರಿಂದ ತನಿಖೆಗೆ ಆದೇಶಿಸಿತು. ಪ್ರತಿ ಗ್ರಾಮವೂ ಆ ಘಟನೆಯಿಂದ ತನಗೆ ತಾನೇ ಕೇಳಿಕೊಳ್ಳಬೇಕಾದುದು ಒಂದಿದೆ: ಮೊದಲ ಮನೆಯಲ್ಲಿ ಭೇದಿ ಕಾಣಿಸಿಕೊಂಡ ದಿನ ಮತ್ತು ನಲ್ಲಿ ನಿಲ್ಲಿಸುವ ದಿನ, ಇವೆರಡರ ನಡುವೆ ಎಷ್ಟು ದಿನ ಕಳೆಯಬಹುದು? ಒಂದೇ ಓಣಿಯಲ್ಲಿ ಎರಡು ಮೂರು ಮನೆಗಳಲ್ಲಿ ಭೇದಿ ಕಂಡರೆ ಸದಸ್ಯರು ಆಶಾ ಕಾರ್ಯಕರ್ತೆಯಿಂದ ಮನೆಗಳ ಎಣಿಕೆ ಪಡೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿಗೂ ಅದೇ ದಿನ ಲಿಖಿತವಾಗಿ ತಿಳಿಸಬೇಕು. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆ ಓಣಿಯ ನಲ್ಲಿ ನಿಲ್ಲಿಸಿ ಟ್ಯಾಂಕರ್ ನೀರು ಕೊಡಬೇಕು. ರೋಗಿಗೆ ಓಆರ್‌ಎಸ್ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಿತ್ರಾಣಗೊಂಡವರಿಗೆ ಮನೆಮದ್ದು ಹುಡುಕದೆ 108ಕ್ಕೆ ಕರೆ ಮಾಡಬೇಕು.

ಬ್ಲೀಚಿಂಗ್ ಪೌಡರಿನ ಲೆಕ್ಕ ನೀರಗಂಟಿಗೆ ಗೊತ್ತಿರುತ್ತದೆಂದು ಭಾವಿಸಲಾಗಿದೆ; ಹಲವೆಡೆ ಅದು ಮುಷ್ಟಿಯ ಲೆಕ್ಕ. ತಿಳಿ ನೀರಿಗೆ ಒಳ್ಳೆಯ ಗುಣಮಟ್ಟದ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ, ಅಂದರೆ 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ನೀರು ಹರಿಸಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ದಿನೇ ದಿನೇ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ನಡೆಯಬೇಕಾದುದು ಟ್ಯಾಂಕಿನಲ್ಲಲ್ಲ, ಓಣಿಯ ಕಟ್ಟಕಡೆಯ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ವರದಿ ಕೆಟ್ಟದಾಗಿ ಬಂದರೆ ಅದನ್ನೂ ಪ್ರಕಟಿಸಬೇಕೆ?

ಕೆಟ್ಟ ವರದಿಯನ್ನೇ ಮೊದಲು ಪ್ರಕಟಿಸಬೇಕು. ಜನ ಗಾಬರಿಯಾಗುತ್ತಾರೆ, ವಿರೋಧಿಗಳು ಬಳಸಿಕೊಳ್ಳುತ್ತಾರೆ ಎಂಬ ಅಂಜಿಕೆ ಸದಸ್ಯರಲ್ಲಿದೆ, ಅದು ಅರ್ಥವಾಗುವಂಥದ್ದೇ. ಆದರೆ ವರದಿಯನ್ನು ಕಡತದಲ್ಲಿಟ್ಟ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಗೊತ್ತಿದ್ದೂ ತಿಳಿಸಲಿಲ್ಲವೆಂಬ ಆರೋಪ ಸೇರಿಕೊಳ್ಳುತ್ತದೆ. ಮೈಲಾರದ ಗೊರವಯ್ಯ ನುಡಿಯುವ ಕಾರ್ಣಿಕವು ಒಂದೇ ಸಾಲಿನದಾದರೂ ಸಂಜೆಯೊಳಗೆ ಸೀಮೆಗೆಲ್ಲ ತಲುಪುತ್ತದೆ. ಪಂಚಾಯಿತಿಯ ಪ್ರಕಟಣೆಯೂ ಅಷ್ಟೇ ಚಿಕ್ಕದಿರಲಿ: ಯಾವ ಕೊಳವೆಬಾವಿ, ಪರೀಕ್ಷೆಯ ದಿನ, ಬಂದ ಅಂಕಿ, ಇರಬೇಕಾದ ಅಂಕಿ, ಕುಡಿಯಲು ಯೋಗ್ಯವೋ ಅಲ್ಲವೋ. ನೀರಿನ ತೊಟ್ಟಿಯ ಗೋಡೆಯೇ ಇದಕ್ಕೆ ತಕ್ಕ ಸ್ಥಳ. ಓದಲಾರದವರಿಗಾಗಿ ಡಂಗುರ, ಅಥವಾ ಕಸದ ವಾಹನದ ಧ್ವನಿವರ್ಧಕ.

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ಯಾರೂ ಕೇಳದೆಯೇ ಮಾಹಿತಿ ಹೊರಗಿಡಬೇಕೆಂದು ಹೇಳುತ್ತದೆ. ಖಾತರಿ ಯೋಜನೆಯಲ್ಲಿಯೂ ಜಾಬ್ ಕಾರ್ಡುದಾರರ ಹೆಸರು, ದುಡಿದ ದಿನ, ಪಡೆದ ಮೊತ್ತವನ್ನು ಗೋಡೆಯ ಮೇಲೆ ಬರೆಸುವ ಪದ್ಧತಿಯಿದೆ. ಬರೆಸಿದ್ದು ಬೀರುವಿನ ಹಿಂದಿನ ಗೋಡೆಯಲ್ಲಿದ್ದರೆ ಅದನ್ನು ಪ್ರಕಟಣೆ ಎನ್ನಲಾಗದು. ಕಚೇರಿ ಬೀಗ ಹಾಕಿದ ಮೇಲೂ ಕಾಣುವಂತೆ, ಬೀದಿಯ ಕಡೆಗೆ ಇರಬೇಕು.

ಎಲ್ಲವನ್ನೂ ಬರೆಯುವಂತೆಯೂ ಇಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಅಧಿನಿಯಮ, 2016 ನಿಷೇಧಿಸಿದೆ. ಬ್ಯಾಂಕ್ ಖಾತೆಯ ಸಂಖ್ಯೆಯೂ ಗೋಡೆಗೆ ಬರಕೂಡದು. ರೋಗಿಗಳ ಹೆಸರಂತೂ ಯಾವ ಕಾರಣಕ್ಕೂ ಬೇಡ. ಎಚ್‌ಐವಿ ಸೋಂಕಿತರ ಗುರುತನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದು 2017ರ ಕಾಯ್ದೆಯಂತೆ ನಿಷಿದ್ಧ. ಓಣಿಯ ಹೆಸರು ಮತ್ತು ಪ್ರಕರಣಗಳ ಸಂಖ್ಯೆ ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫಲಾನುಭವಿಗಳ ಪಟ್ಟಿಯ ಫೋಟೊ ಹಾಕುವ ಸದಸ್ಯರು, ಆಧಾರ್ ಮತ್ತು ಖಾತೆಯ ಕಾಲಂಗಳ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಫೋಟೊ ತೆಗೆಯುವುದು ಲೇಸು. ಹಳೆಯ ಫಲಿತಾಂಶದ ಮೇಲೆ ಸುಣ್ಣ ಬಳಿದು ಹೊಸದನ್ನು ಬರೆಸುವ ಮುನ್ನ, ಹಳೆಯದರ ದಿನಾಂಕ ಮತ್ತು ಅಂಕಿಗಳನ್ನು ಪಂಚಾಯಿತಿಯ ವಹಿಯಲ್ಲಿ ನಕಲು ಮಾಡಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸತಕ್ಕದ್ದು.