ಲಂಡನ್ ಟೀಗೆ ಹೋಗಲೋ, ಬೇಡವೋ?

ಪ್ರಶ್ನೆ: ಮಗಳು, ಅಳಿಯ ಲಂಡನ್‌ನಲ್ಲಿದ್ದಾರೆ. ಮುಂದಿನ ತಿಂಗಳು ನಾವಿಬ್ಬರೂ ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. ದೊಡ್ಡ ಹೋಟೆಲಿನಲ್ಲಿ ‘ಆಫ್ಟರ್‌ನೂನ್ ಟೀ’ ಕೊಡಿಸುತ್ತೇನೆ ಅನ್ನುತ್ತಾಳೆ ಮಗಳು. ಅಳಿಯನ ಆಫೀಸಿನವರೂ ಬರುತ್ತಾರಂತೆ. ನಾವು ಮೊಟ್ಟೆ ಮುಟ್ಟುವವರಲ್ಲ, ಫೋರ್ಕ್ ಹಿಡಿದು ಗೊತ್ತಿಲ್ಲ. ನಮ್ಮಿಂದ ಅವಳಿಗೆ ಅವಮಾನವಾದೀತೆಂದು ನಿದ್ದೆ ಬರುತ್ತಿಲ್ಲ. ಬೇಡವೆಂದರೆ ನೊಂದುಕೊಳ್ಳುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಬಿ.ದುರ್ಗ, ಹೊಳಲ್ಕೆರೆ ತಾಲ್ಲೂಕು

ಉತ್ತರ: ನಿಮ್ಮ ಅಳುಕು ಸಹಜವಾದದ್ದೇ. ಮಕ್ಕಳನ್ನು ಓದಿಸಿ ದೂರದೇಶಕ್ಕೆ ಕಳಿಸಿದ ಎಷ್ಟೋ ತಾಯಂದಿರ ಮನಸ್ಸಿನಲ್ಲಿ ಈ ಸಂಕೋಚವಿದೆ. ಆದರೆ ಒಂದು ಮಾತು ಗಮನಿಸಿ. ಮಗಳಿಗೆ ನಿಮ್ಮ ಬಗ್ಗೆ ನಾಚಿಕೆಯಿದ್ದಿದ್ದರೆ ಆಫೀಸಿನವರ ಎದುರು ನಿಮ್ಮನ್ನು ಕೂರಿಸುವ ಯೋಚನೆಯೇ ಅವಳಿಗೆ ಬರುತ್ತಿರಲಿಲ್ಲ. ತಾನು ಕಂಡದ್ದನ್ನು ಅಪ್ಪ ಅಮ್ಮನೂ ನೋಡಲಿ ಎಂಬ ಆಸೆ ಅವಳದು.

ಇನ್ನು ‘ಆಫ್ಟರ್‌ನೂನ್ ಟೀ’ ಅಂದರೆ ಹೆದರುವಂಥದ್ದೇನಲ್ಲ. ಅಲ್ಲಿ ರಾತ್ರಿ ಊಟ ತಡವಾಗುತ್ತಿದ್ದ ಕಾಲದಲ್ಲಿ, 1840ರ ಸುಮಾರಿಗೆ, ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಸಂಜೆಯ ಹಸಿವಿಗೆಂದು ಈ ಪದ್ಧತಿ ಶುರುಮಾಡಿದರೆಂದು ಹೇಳುತ್ತಾರೆ. ನಮ್ಮ ಕಡೆ ಮಂಡಕ್ಕಿ, ಮೆಣಸಿನಕಾಯಿ ಬೇಕೆನಿಸುತ್ತದಲ್ಲ, ಅದೇ ಹೊತ್ತು. ಮೂರಂತಸ್ತಿನ ತಟ್ಟೆ ತಂದಿಡುತ್ತಾರೆ: ಸಾಮಾನ್ಯವಾಗಿ ಕೆಳಗೆ ಬೆರಳುದ್ದದ ಸ್ಯಾಂಡ್‌ವಿಚ್, ನಡುವೆ ಸ್ಕೋನ್ ಎಂಬ ಬನ್ನಿನಂಥ ತಿನಿಸು, ಮೇಲೆ ಪುಟ್ಟ ಕೇಕುಗಳು. ಸ್ಯಾಂಡ್‌ವಿಚ್ಚನ್ನು ಅಲ್ಲಿಯವರೂ ಕೈಯಲ್ಲೇ ತಿನ್ನುತ್ತಾರೆ. ಸ್ಕೋನನ್ನು ಕೈಯಿಂದಲೇ ಎರಡು ಹೋಳು ಮಾಡಿ ಜಾಮ್, ಕೆನೆ ಸವರಿಕೊಳ್ಳುತ್ತಾರೆ. ಕಾರ್ನ್‌ವಾಲ್‌ನವರು ಜಾಮ್ ಮೊದಲು ಅಂದರೆ ಡೆವನ್‌ನವರು ಕೆನೆ ಮೊದಲು ಅನ್ನುತ್ತಾರೆ. ನೀವು ಹೇಗೆ ಸವರಿದರೂ ತಪ್ಪಿಲ್ಲ. ಏನು ಉಡುವುದೆಂಬ ಯೋಚನೆಯೂ ಬೇಡ, ಮೊಳಕಾಲ್ಮೂರು ರೇಷ್ಮೆ ಸೀರೆಯಿದ್ದರೆ ಅದನ್ನೇ ಉಟ್ಟು ಹೋಗಿ.

ಮೊಟ್ಟೆಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಅಲ್ಲಿ ‘ವೆಜಿಟೇರಿಯನ್’ ಅಂದರೂ ಮೊಟ್ಟೆ ಇರಬಹುದು. ವೀಗನ್ ಮೆನು ಇದೆಯೇ ಎಂದು ಬುಕ್ ಮಾಡುವಾಗಲೇ ಮಗಳು ವಿಚಾರಿಸಲಿ. ಅದರಲ್ಲಿ ಮೊಟ್ಟೆ, ಪ್ರಾಣಿಗಳಿಂದ ತೆಗೆಯುವ ಜೆಲಟಿನ್, ಹಾಲು ಯಾವುದೂ ಇರುವುದಿಲ್ಲ. ಟೀಗೆ ಹಾಲು ಬೇಕೆಂದರೆ ಬೇರೆ ಕೇಳಬಹುದು. ಲಂಡನ್ನಿನ ದೊಡ್ಡ ಹೋಟೆಲುಗಳಲ್ಲಿ ಇದಕ್ಕೆ ತಲೆಗೆ 60 ಪೌಂಡ್ ದಾಟುವುದುಂಟು, ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗೂ ಮೇಲೆ. ಅಷ್ಟು ಖರ್ಚು ಮನಸ್ಸಿಗೆ ಒಗ್ಗದಿದ್ದರೆ ಬರೀ ಟೀ, ಸ್ಕೋನ್ ಕೊಡುವ ‘ಕ್ರೀಮ್ ಟೀ’ ಸಣ್ಣ ಅಂಗಡಿಗಳಲ್ಲಿ ಸಿಗುತ್ತದೆ. ಸ್ಕೋನಿಗೂ ಮೊಟ್ಟೆ ಹಾಕುವುದುಂಟು, ಕೇಳಿಯೇ ತಿನ್ನಿ.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಬೇಡ ಅನ್ನಿ, ಅದು ತಪ್ಪಲ್ಲ. ಆದರೆ ಬರೀ ಬೇಡ ಅಂದು ಸುಮ್ಮನಾಗಬೇಡಿ, ನಿಮ್ಮದೊಂದು ಆಸೆಯನ್ನೂ ಹೇಳಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ‘ಅಲ್ಲಿಗೆ ಕರೆದುಕೊಂಡು ಹೋಗವ್ವ’ ಅಂದರೆ ಅವಳಿಗೂ ಖುಷಿಯೇ.

ನಿದ್ದೆಗೆಡುವುದು ಎರಡು ವಾರ ದಾಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ನನ್ನ ಸಲಹೆ ಕೇಳಿದರೆ, ಹೋಗಿ ಬನ್ನಿ, ಆದರೆ ಮೊದಲ ಸಲ ಮನೆಯವರಷ್ಟೇ. ಆಫೀಸಿನವರ ಜೊತೆ ಆಮೇಲೆ ನೋಡಿದರಾಯಿತು. ನನಗೆ ಬರೆದ ಇದೇ ಮಾತನ್ನು ಇವತ್ತೇ ಮಗಳಿಗೆ ಫೋನ್ ಮಾಡಿ ಹೇಳಿ.