ಒಂದು ಹಾರ್ಡ್ ಡಿಸ್ಕ್, ಹಲವು ಗಣಕಯಂತ್ರಗಳು

ಕೇರಳದ ಸರ್ಕಾರಿ ಶಾಲೆಗಳ ಗಣಕಯಂತ್ರಗಳು ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಇದಕ್ಕೆ ಹೊರತಲ್ಲ. ಗಡಿಯ ಈಚೆಗೆ, ಕರ್ನಾಟಕದ ಕಚೇರಿ ಮುದ್ರಣಾಲಯಗಳಲ್ಲಿ, ವಿಂಡೋಸ್ ಬಳಕೆಯೇ ಹೆಚ್ಚು. ಪಾಠ, ಛಾಯಾಚಿತ್ರ, ದಾಖಲೆಗಳನ್ನು ತುಂಬಿಕೊಂಡ ಹಾರ್ಡ್ ಡಿಸ್ಕ್ ಅಲ್ಲಿಂದ ಇಲ್ಲಿಗೆ ಬಂದಾಗ ಕಡತಗಳು ಕಾಣದಿರುವುದುಂಟು.

ಇದು ಡಿಸ್ಕಿನ ದೋಷವಲ್ಲ. ಕಡತಗಳನ್ನು ಅಣಿಗೊಳಿಸುವ ಕ್ರಮದ ಭೇದ. ಲಿನಕ್ಸಿನ ಎಕ್ಸ್‌ಟಿ4 ಕ್ರಮವನ್ನು ವಿಂಡೋಸ್ ತಾನಾಗಿ ಓದಲಾರದು. ವಿಂಡೋಸಿನ ಎನ್‌ಟಿಎಫ್‌ಎಸ್ ಕ್ರಮವನ್ನು ಮ್ಯಾಕ್ ಓದುವುದಾದರೂ ತಾನಾಗಿ ಅದರಲ್ಲಿ ಬರೆಯದು. ಹಳೆಯ ಫ್ಯಾಟ್32 ಮೂರಕ್ಕೂ ಪರಿಚಿತ. ಆದರೆ ಒಂದೊಂದು ಕಡತವೂ 4 ಜಿಬಿಯ ಒಳಗೇ ಇರಬೇಕು. ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್‌ಗೆ ಈ ಕಟ್ಟುಪಾಡಿಲ್ಲ. ಅದರ ವಿವರಣೆಯನ್ನು ಸಂಸ್ಥೆಯು 2019ರಲ್ಲಿ ಬಹಿರಂಗಪಡಿಸಿತು. ಅದೇ ವರ್ಷ ಲಿನಕ್ಸ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಇಂದು ಮೂರು ವ್ಯವಸ್ಥೆಗಳಿಗೂ ಒಪ್ಪುವ ಕ್ರಮ ಇದೇ.

ನಿಜವಾದ ಅಪಾಯ ಬೇರೆಯೇ ಇದೆ. ಅಪರಿಚಿತ ಡಿಸ್ಕನ್ನು ಕಂಡ ವಿಂಡೋಸ್, ಫಾರ್ಮ್ಯಾಟ್ ಮಾಡಬೇಕೆಂದು ಸೂಚಿಸುವುದುಂಟು. ಅವಸರದಿಂದ ಸಮ್ಮತಿಸಿದರೆ ವರ್ಷಗಳ ಸಂಗ್ರಹ ಕೈಬಿಟ್ಟುಹೋಗಬಹುದು. ಆದುದರಿಂದ ಡಿಸ್ಕನ್ನು ಬರೆದ ಯಂತ್ರದಲ್ಲಿಯೇ ಮತ್ತೆ ತೆರೆದು, ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿದ ಬಳಿಕವೇ ಎಕ್ಸ್‌ಫ್ಯಾಟ್‌ಗೆ ಬದಲಿಸುವುದು ಕ್ಷೇಮ. ಬರವಣಿಗೆಯ ನಡುವೆ ತಂತಿ ಕಿತ್ತರೆ ಈ ಕ್ರಮದಲ್ಲಿ ಕಡತ ಕೆಡುವ ಸಂಭವ ಹೆಚ್ಚು. 'ಇಜೆಕ್ಟ್' ಆಜ್ಞೆ ಕೊಟ್ಟೇ ಬೇರ್ಪಡಿಸತಕ್ಕದ್ದು. ಸಾಗಿಸಲು ಒಂದು ಡಿಸ್ಕ್ ಸಾಕು. ಸಂರಕ್ಷಿಸಲು ಎರಡಾದರೂ ಬೇಕು.